ಅಪ್ಪ ನೀರು ಕುಡಿಯದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಸುಬ್ರಹ್ಮಣ್ಯಪುರದಲ್ಲಿ ಮನೆಗಳಿಗಿಂತ ಹೊಲಗಳೇ ಹೆಚ್ಚಿದ್ದವು. ಈಗ ನಮ್ಮ ಕಟ್ಟಡದ ಕೆಳಗೆ ಬಾಡಿಗೆಯವರು ಕಾರು ನಿಲ್ಲಿಸುತ್ತಾರಲ್ಲ, ಅಲ್ಲೇ ನಮ್ಮ ಬಾವಿಯಿತ್ತು. ಬಹಳ ಸಿಹಿ ನೀರು. ದಾರಿಯಲ್ಲಿ ಹೋಗುವವರೂ ನಿಂತು, ಬೊಗಸೆಯೊಡ್ಡಿ ಕುಡಿದೇ ಮುಂದೆ ಹೋಗುತ್ತಿದ್ದರು.

ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಆ ಬಾವಿಯ ಹೂಳು ತೆಗೆಯುತ್ತಿದ್ದರು. ಮೊದಲ ದಿನ ಎತ್ತು ಕಟ್ಟಿ, ಕಪಿಲೆಯ ದೊಡ್ಡ ಚರ್ಮದ ಚೀಲದಲ್ಲಿ ನೀರನ್ನೆಲ್ಲ ಮೇಲೆತ್ತಿ ಹೊಲಕ್ಕೆ ಹಾಯಿಸುವುದು. ಮರುದಿನ ಗಂಡಸರು ತಳಕ್ಕಿಳಿದು, ಕೆಸರನ್ನು ಬುಟ್ಟಿಗೆ ತುಂಬಿ ಹಗ್ಗದಲ್ಲಿ ಮೇಲಕ್ಕೆ ಕಳಿಸುವುದು. ನಮ್ಮ ಬಾವಿಗೆ ಅಕ್ಕಪಕ್ಕದ ಹೊಲದವರು ಬರುತ್ತಿದ್ದರು, ಅವರ ಬಾವಿಗೆ ಅಪ್ಪ ಹೋಗುತ್ತಿದ್ದರು. ಕೂಲಿ ಗೀಲಿ ಏನೂ ಇಲ್ಲ. ಆದರೆ ಬಂದವರ ಹೊಟ್ಟೆ ತಣ್ಣಗಿಡುವುದು ಬಾವಿಯ ಮನೆಯವರ ಕೆಲಸ.

ನನಗಾಗ ಎಂಟು ವರ್ಷ. ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯೆಲ್ಲ ಅಕ್ಕನ ತಲೆಯ ಮೇಲೆ. ಅಕ್ಕನಿಗೆ ಹದಿನಾಲ್ಕು ದಾಟಿರಲಿಲ್ಲ, ಆದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳೆಂದರೆ ಅಪ್ಪನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬಾವಿ ಬರಿದು ಮಾಡುವ ಮೊದಲೇ ಅವಳು ಐದು ಕೊಡ ನೀರು ಸೇದಿ, ಸೋಸಿ, ಹಿತ್ತಲಿನ ದೊಡ್ಡ ಗುಡಾಣಕ್ಕೆ ತುಂಬಿ, ಮೇಲೆ ಒದ್ದೆ ಬಟ್ಟೆ ಕಟ್ಟಿದ್ದಳು. ಮರುದಿನ ಕೆಲಸಕ್ಕೆ ಬರುವ ಆರು ಜನರಿಗೆ ಕುಡಿಯಲು ಅದೇ ನೀರು.

ಇನ್ನು ನನ್ನ ಪ್ರತಾಪ ಕೇಳಿ. ಬೆಳಗ್ಗೆ ಎದ್ದು ನೋಡಿದರೆ ಎರಡು ಎತ್ತುಗಳೂ ಬಾಯಿ ಚಪ್ಪರಿಸುತ್ತ ನಿಂತಿದ್ದವು. ಬಾವಿಯಲ್ಲಿ ನೀರಿಲ್ಲ, ಪಾಪ, ಇವಕ್ಕೆ ಯಾರು ಕೊಡುತ್ತಾರೆ ಎಂದು ನನ್ನ ಕರುಳು ಚುರುಕ್ ಎಂದಿತು. ಗುಡಾಣದಿಂದ ಮೊಗೆದು ಮೊಗೆದು ಅವುಗಳ ಬಾನಿಗೆ ಸುರಿದೆ. ಅವು ಸೊರ್ರೆಂದು ಹೀರಿ, ಮೂತಿಯಿಂದ ಹನಿ ಇಳಿಸುತ್ತ, ಇನ್ನೂ ಬೇಕು ಎನ್ನುವಂತೆ ನನ್ನನ್ನೇ ನೋಡಿದವು. ಇನ್ನಷ್ಟು ಸುರಿದೆ. ಗುಡಾಣದ ತಳಕ್ಕೆ ಚೊಂಬು ಟಣ್ಣೆಂದು ಬಡಿದಾಗಲೇ ನನಗೆ ಬುದ್ಧಿ ಬಂದದ್ದು.

ಅಷ್ಟರಲ್ಲಿ ಅಪ್ಪ ಮತ್ತು ಉಳಿದವರು ಬಾವಿಗೆ ಇಳಿದಾಗಿತ್ತು. ಅಕ್ಕ ಬಂದು ಖಾಲಿ ಗುಡಾಣ ನೋಡಿದಳು, ಎತ್ತುಗಳ ಒದ್ದೆ ಮೂತಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬೆನ್ನು ಬಗ್ಗಿಸಿ ಗುದ್ದಿಗೆ ಕಾದೆ. ಅವಳು ಹೊಡೆಯಲಿಲ್ಲ.

“ಅವನ್ನ ಕೆರೆಗೆ ಹೊಡ್ಕೊಂಡ್ ಹೋಗೋಕೆ ಚಿಕ್ಕಪ್ಪ ಇದಾರಲ್ಲೋ, ಪೆದ್ದ! ಇರ್ಲಿ ಬಿಡು. ಅಪ್ಪನ ಹತ್ರ ಬಾಯಿ ಬಿಡ್ಬೇಡ.”

ಊರ ಬಾವಿಗೆ ಒಂದು ಮೈಲಿ ನಡೆಯಬೇಕು. ಅಕ್ಕ ಓಡೋಡುತ್ತ ಹೋಗಿ ಒಂದು ಕೊಡ ತಂದಳು. ಅದು ಮುದ್ದೆ ತೊಳಸುವುದಕ್ಕೆ, ಸಾರು ಕುದಿಸುವುದಕ್ಕೇ ಸರಿಹೋಯಿತು. ಕುಡಿಯಲು ಮಾತ್ರ ಒಂದು ಲೋಟವೂ ಉಳಿಯಲಿಲ್ಲ, ಅಡುಗೆ ಬಿಟ್ಟು ಮತ್ತೆ ಹೋಗಿಬರಲು ಅವಳಿಗೆ ಹೊತ್ತೂ ಇರಲಿಲ್ಲ.

ನನ್ನ ಹೆದರಿಕೆಗೆ ಬೇರೆ ಕಾರಣವೂ ಇತ್ತು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಹೊಲದ ಬಾವಿಯಲ್ಲಿ ಒಬ್ಬರು ಬಾಯಾರಿ, ತಲೆ ಸುತ್ತಿ ಬಿದ್ದು ಕಾಲು ಮುರಿದುಕೊಂಡಿದ್ದರು. ಅದಕ್ಕೆ ಸರಿಯಾಗಿ ಮೇಷ್ಟ್ರು ಶಾಲೆಯಲ್ಲಿ ಮನುಷ್ಯನಿಗೆ ದಿನಕ್ಕೆ ಎಂಟು ಚೊಂಬು ನೀರು ಬೇಕೇಬೇಕು ಎಂದಿದ್ದರು. ಅಪ್ಪನಿಗೆ ಏನಾದರೂ ಆದರೆ ಅದು ನನ್ನಿಂದಲೇ. ನಾನು ಇದ್ದಿಲ ಚೂರು ಹಿಡಿದು ಬಾವಿಕಟ್ಟೆಯ ಮೇಲೆ ಕೂತೆ. ಅಪ್ಪ ನೀರು ಕುಡಿದಾಗಲೆಲ್ಲ ಕಲ್ಲಿನ ಮೇಲೆ ಒಂದು ಗೆರೆ ಎಳೆಯುವುದು ನನ್ನ ಯೋಚನೆ. ಕಲ್ಲು ಖಾಲಿಯಾಗಿಯೇ ಉಳಿಯಿತು.

ಆದರೆ ಅಕ್ಕ ಖಾಲಿ ಕೂತಿರಲಿಲ್ಲ. ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿ ಸಣ್ಣಗೆ ಹುಳಿ ಬಂದಿತ್ತು. ಅದಕ್ಕೆ ಉಪ್ಪು, ಚಚ್ಚಿದ ಈರುಳ್ಳಿ ಹಾಕಿ ಮಡಕೆಯನ್ನೇ ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದಳು. ಬಾವಿಯ ತಳದಿಂದ ‘ಆಹಾ’ ಎಂಬ ಸದ್ದು ದುಂಡಗೆ ಮೇಲಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನನ್ನು ತೆಂಗಿನಮರ ಹತ್ತಿಸಿದಳು. ಕೆತ್ತಿದ ಎಳನೀರು ಒಂದೊಂದಾಗಿ ಬುಟ್ಟಿಯಲ್ಲಿ ಇಳಿದವು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೆಣ್ಣೆ ತೆಗೆದ ಮಜ್ಜಿಗೆ ಹೋಯಿತು. ಕರಿಬೇವು, ಶುಂಠಿಯ ಆ ಘಮ ಈಗಲೂ ನನ್ನ ಮೂಗಿನಲ್ಲಿದೆ. ನಡುನಡುವೆ ಉಪ್ಪು ಸವರಿದ ಎಳೆ ಸೌತೆಕಾಯಿ. ಊಟಕ್ಕೆ ಸೊಪ್ಪಿನ ಸಾರನ್ನು ತೆಳ್ಳಗೆ ಮಾಡಿ, ಕುಡಿಯಲೆಂದೇ ಒಬ್ಬೊಬ್ಬರಿಗೂ ಒಂದು ಲೋಟ ಬೇರೆ ಕೊಟ್ಟಳು. ಇಷ್ಟೆಲ್ಲ ಮಾಡುವಾಗ ಅವಳ ಮುಖದಲ್ಲಿ ಗಾಬರಿಯ ಒಂದು ಗೆರೆಯೂ ಇರಲಿಲ್ಲ. ಅಂಥ ಅಕ್ಕನನ್ನು ಪಡೆದ ನಾನು ಪುಣ್ಯವಂತ.

ನನಗೆ ಮಾತ್ರ ಸಮಾಧಾನವಿಲ್ಲ. ಊಟದ ಹೊತ್ತಿಗೆ ಅಳುತ್ತ ಅವಳ ಹತ್ತಿರ ಹೋದೆ.

“ಅಕ್ಕ, ಅಪ್ಪ ಒಂದ್ ಚೊಂಬು ನೀರೂ ಕುಡಿದಿಲ್ಲ. ಅಂಬಲಿ ನೀರಲ್ವಲ್ಲ, ಮಜ್ಜಿಗೆ ನೀರಲ್ವಲ್ಲ!”

ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು. “ಅಂಬಲಿಗೆ ನಾನೇನು ಸೀಮೆಎಣ್ಣೆ ಹಾಕಿದೀನಾ? ಅದ್ರಲ್ಲಿರೋದೂ ನೀರೇ ಕಣೋ. ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ. ನೀನು ಬಾಯಿಗೆ ಹೋಗಿದ್ದನ್ನ ಎಣಿಸ್ತಾ ಕೂತಿದೀಯ. ಅಪ್ಪ ಬೆಳಗ್ಗಿಂದ ಎಷ್ಟ್ ಸಲ ಹುಣಸೆಮರದ ಹಿಂದಕ್ಕೆ ಹೋದ್ರು, ಅದನ್ನ ಎಣಿಸು.”

ಹುಣಸೆಮರದ ಹಿಂದಕ್ಕೆ ಏಕೆ ಹೋಗುತ್ತಿದ್ದರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯವರೆಗೆ ಎರಡು ಸಲ ಹೋಗಿದ್ದು ನನಗೆ ನೆನಪಿತ್ತು. ಮಧ್ಯಾಹ್ನದ ಮೇಲೆ ಇನ್ನೂ ಎರಡು ಸಲ ಏಣಿ ಹತ್ತಿ ಬಂದರು. ಪ್ರತಿ ಸಲವೂ ನಾನು ಕುಣಿಯುತ್ತ ಕಲ್ಲಿನ ಮೇಲೆ ಗೆರೆ ಎಳೆದೆ. ನಾಲ್ಕನೆಯ ಸಲ ಅಪ್ಪ ನಿಂತು, “ಇವನಿಗೇನಾಯ್ತೇ? ನಾನ್ ಅತ್ಲಾಗ್ ಹೋಗಿಬಂದ್ರೆ ಕುಣೀತಾನೆ!” ಎಂದು ಅಕ್ಕನನ್ನು ಕೇಳಿದರು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ಸಂಜೆಯ ಹೊತ್ತಿಗೆ ಹೂಳೆಲ್ಲ ಹೋಗಿ ಬಂಡೆಯ ಸಂದಿನಲ್ಲಿ ಸೆಲೆ ಒಡೆಯಿತು. ಅಪ್ಪ ಅದರ ಬಾಯಿಗೇ ಚೊಂಬು ಹಿಡಿದು ತಿಳಿನೀರು ತುಂಬಿಕೊಂಡು ಮೇಲೆ ಬಂದರು. ಮೊದಲು ಗಂಗಮ್ಮನಿಗೆಂದು ಕಟ್ಟೆಯ ಮೇಲೆ ಒಂದಿಷ್ಟು ಚೆಲ್ಲಿದರು. ಉಳಿದದ್ದನ್ನು ತಳದಲ್ಲಿ ನಿಂತು ದುಡಿದವರು ಕುಡಿಯುವುದು ನಮ್ಮ ಕಡೆಯ ಪದ್ಧತಿ. ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ಚೊಂಬನ್ನು ಅಕ್ಕನ ಕೈಗೆ ಕೊಟ್ಟರು.

“ಕುಡಿಯವ್ವಾ. ಇವತ್ತು ನಮ್ಮನ್ನೆಲ್ಲ ಬೀಳದ ಹಾಗೆ ನಿಲ್ಲಿಸಿದ್ದು ನೀನು.” ಆಮೇಲೆ ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. “ಎತ್ತು ಕೆರೆ ನೀರಿಗೆ ಮೂತೀನೇ ಇಡ್ಲಿಲ್ಲ ಅಂತ ನಿಮ್ ಚಿಕ್ಕಪ್ಪ ಬಂದು ಹೇಳ್ದಾಗ್ಲೇ ನನಗೆ ಗೊತ್ತಾಯ್ತು ಕಣೋ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಚೊಂಬೆತ್ತಿ ಕುಡಿಯುತ್ತಿದ್ದ ಅಕ್ಕನನ್ನು ನೋಡಿ ಹೆಮ್ಮೆಯಾಯಿತು.

ಈಗ ನಮ್ಮ ಮನೆಯಲ್ಲಿ ನೀರು ಕ್ಯಾನಿನಲ್ಲಿ ಬರುತ್ತದೆ, ಲಿಫ್ಟಿನಲ್ಲಿ ಮೇಲೇರುತ್ತದೆ. ಮೊಮ್ಮಗಳ ಬಾಟಲಿಯ ಮೇಲೆ ಗಂಟೆಗೊಂದು ಗೆರೆಯಿದೆ. ಅವಳು ಮರೆತರೆ ಫೋನು ಕೂಗಿ ನೆನಪಿಸುತ್ತದೆ. ಅದು ಒಳ್ಳೆಯದೇ, ನನ್ನ ಇದ್ದಿಲ ಚೂರಿಗೆ ಹಾಗೆ ಕೂಗಲು ಬರುತ್ತಿರಲಿಲ್ಲ. ಕಳೆದ ಭಾನುವಾರ ಅಕ್ಕ ಬಂದಿದ್ದಳು. ಎಂಬತ್ತು ದಾಟಿದ ಅವಳಿಗೆ ಈಗ ಬರೀ ನೀರು ಸೇರುವುದಿಲ್ಲ, ಸಪ್ಪೆ ಎನ್ನುತ್ತಾಳೆ. ಮೊಮ್ಮಗಳು ಬೆಳಗ್ಗಿನಿಂದ ನೀರಿನ ಲೆಕ್ಕ ಬರೆಯಲು ಫೋನು ಹಿಡಿದು ಅವಳ ಹಿಂದೆಯೇ ಸುತ್ತಿದಳು. ಮಧ್ಯಾಹ್ನ ಕಣ್ಣು ತುಂಬಿಕೊಂಡು ನನ್ನ ಹತ್ತಿರ ಬಂದಳು.

“ತಾತ, ದೊಡ್ಡಜ್ಜಿದು ಝೀರೋ! ಬಿಸಿಲು ಬೇರೆ. ಏನಾದ್ರೂ ಆದ್ರೆ?”

ನಾನು ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಕಾಫಿ, ಹಾಲು, ಮಜ್ಜಿಗೆ, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತವೆಂದು ನಮ್ಮ ಡಾಕ್ಟರೂ ಹೇಳುತ್ತಾರೆ ಎಂದೆ. ಬಣ್ಣದ ಜ್ಯೂಸಿಗೂ ಇದೇ ನೆಪ ಸಿಕ್ಕಿತೆಂದು ಹಿಗ್ಗಬೇಡ, ಅದರಲ್ಲಿ ಸಕ್ಕರೆಯೇ ಜಾಸ್ತಿ ಎಂದೂ ಹೇಳಿದೆ. ಅವಳು ನೇರವಾಗಿ ಅಕ್ಕನ ಹತ್ತಿರ ಹೋಗಿ ಕೇಳಿದಳು: “ದೊಡ್ಡಜ್ಜಿ, ಬೆಳಗ್ಗಿಂದ ಎಷ್ಟ್ ಸಲ ಹುಣಸೆಮರದ ಹಿಂದೆ ಹೋದ್ರಿ?”

ಅಕ್ಕ ಬೊಚ್ಚುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಐದ್ ಸಲ ಕಣಮ್ಮ!”

ಅಷ್ಟರಲ್ಲಿ ಹೊಸ ಕ್ಯಾನು ಬಂತು. ನಾನು ಅದನ್ನು ನಲ್ಲಿಯಿರುವ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ ಮೊದಲ ಲೋಟ ಹಿಡಿದು ಅಕ್ಕನ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ಅಕ್ಕ ಇರುವಾಗ ಕ್ಯಾನಿನ ಮೊದಲ ಲೋಟ ಯಾವತ್ತೂ ಅವಳದೇ. ನೀರು ಸಪ್ಪೆ ಎನ್ನುವ ಅಕ್ಕ ಅದನ್ನು ಮಾತ್ರ ಒಂದು ಹನಿಯೂ ಬಿಡದೆ ಕುಡಿದಳು.