ಕಟ್ಟದೇ ಕೂಡಿದ ಎಲುಬು

ನಿನ್ನ ತಾಯಿಯ ಎಲುಬು ಬೆಂಡಾಗಿರಲಿಲ್ಲ, ಶಕುಂತಲಾ. ಬೆಂಡು ಎಂದು ಊರಿಗೆಲ್ಲ ಹೇಳಿದವನು ನಾನು. ಹೇಳುವ ಹೊತ್ತಿಗೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಆಮೇಲೆ ತಿಳಿದದ್ದಲ್ಲ, ಬಾಯಿ ತಪ್ಪಿ ಆಡಿದ್ದಲ್ಲ. ಇಷ್ಟನ್ನು ಬರೆಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಮುರಿದ ಎಲುಬು ಕೂಡಲು ಒಂದೂವರೆ ತಿಂಗಳು ಸಾಕು.

ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ತಪ್ಪು ಒಪ್ಪಿಕೊಳ್ಳುವವನು ಹುದ್ದೆ ಸಮೇತ ಕಟಕಟೆಯಲ್ಲಿ ನಿಲ್ಲಬೇಕು. ಯರಗುಪ್ಪಿ ದಾರಿಯ ಈ ನಮ್ಮ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ರವಿವಾರ ಮಾತ್ರ, ಅಜ್ಜನಿಂದ ಬಂದ ವಿದ್ಯೆಯಲ್ಲಿ, ಬಿದಿರಿನ ದಬ್ಬೆ ಇಟ್ಟು ಮುರಿದ ಕೈಕಾಲು ಕಟ್ಟುವವ. ಆರು ದಿನ ಎಲುಬಿನ ಬಗ್ಗೆ ಪಾಠ, ಏಳನೆಯ ದಿನ ಎಲುಬಿಗೇ ಪಾಠ — ಎಂದು ನಾನೇ ಹೇಳಿಕೊಂಡು ನಗುತ್ತಿದ್ದೆ. ಬೇರೆ ಯಾರೂ ನಕ್ಕ ನೆನಪಿಲ್ಲ.

ನಿನ್ನಪ್ಪ ಚನ್ನಪ್ಪ ನಿನ್ನ ತಾಯಿ ನೀಲವ್ವನನ್ನು ಮೊದಲ ಸಲ ಕರೆತಂದಾಗ ನೀನು ಆರನೆಯ ವರ್ಗದಲ್ಲಿದ್ದೆ. ಬಲಗೈ, ಭುಜದಿಂದ ಮೊಣಕೈವರೆಗಿನ ಉದ್ದ ಎಲುಬು.

"ಅಟ್ಟದ ಮ್ಯಾಲಿಂದ ಬಿದ್ಲರಿ ಮಾಸ್ತರ," ಎಂದ. "ಎಷ್ಟ್ ಹೇಳಿದ್ರೂ ಕೇಳೂದಿಲ್ಲ, ಸಾವಕಾಶ ಇಳಿ ಅಂತ."

ಊರಿನಲ್ಲಿ ನಿನ್ನಪ್ಪನಷ್ಟು ಮೆತ್ತಗೆ ಮಾತಾಡುವವರು ಕಡಿಮೆ. ನಾನು ಕಣ್ಣು ಮುಚ್ಚಿ ಬೆರಳು ಇಳಿಸಿದೆ. ಈ ವಿದ್ಯೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಅಟ್ಟದಿಂದ ಬಿದ್ದು ಪೆಟ್ಟು ತಿಂದ ಎಲುಬು ಅಡ್ಡಕ್ಕೆ ಮುರಿಯುತ್ತದೆ, ಇಲ್ಲವೇ ಪುಡಿಯಾಗುತ್ತದೆ. ಇದು ಹಾಗಿರಲಿಲ್ಲ. ಮುರುಕು ಓರೆಯಾಗಿ, ಎಲುಬಿನ ಸುತ್ತ ಬಳ್ಳಿ ಹಬ್ಬಿದಂತೆ ಸುತ್ತಿಕೊಂಡು ಇಳಿದಿತ್ತು. ಹಾಗೆ ಮುರಿಯುವುದು ತಿರುವಿದಾಗ. ಒಬ್ಬರು ತೋಳನ್ನು ಹಿಂದಕ್ಕೆ ಹಿಡಿದು, ಹಿಂಡಿ — ಬೆರಳು ಅಷ್ಟನ್ನೂ ಓದಿತು. ನಾನು ದಬ್ಬೆ ಕಟ್ಟಿದೆ, ಹರಳೆಣ್ಣೆ ಕೊಟ್ಟೆ, ಚಹಾ ಕುಡಿದೆ.

ವರ್ಷ ತಿರುಗುವುದರೊಳಗೆ ಅದೇ ಕೈ, ನಾನು ಕೂಡಿಸಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ, ಮತ್ತೆ ಅದೇ ಬಳ್ಳಿ. ಈ ಸಲ ನಮ್ಮ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಅವರಲ್ಲೊಬ್ಬ, ದರ್ಜಿ ಮೌಲಾಸಾಬ್ ಕಾಕಾ, ನನ್ನನ್ನು ಕೆಣಕಲೆಂದೇ ಹುಟ್ಟಿದವ, ಮೆಲ್ಲಗೆ ಅಂದ:

"ಏನ್ರಿ ಮಾಸ್ತರ, ಕಚ್ಚಾ ಹೊಲಿಗಿ ಹಾಕಿದ್ರೇನು? ಹೋದ ವರ್ಷ ಕಟ್ಟಿದ್ದು ಬಿಚ್ಚೇತಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ಒಳಗೆ ಹೋಗಿ ನೀಲವ್ವನ ಕೈ ಹಿಡಿದು ಕೂತೆ. ಆಗ ನಿನ್ನ ತಾಯಿ, ಮುಖ ಗೋಡೆಯ ಕಡೆ ಇಟ್ಟುಕೊಂಡೇ, ನನಗೆ ಮಾತ್ರ ಕೇಳುವಂತೆ ಹೇಳಿದಳು:

"ನಿಮ್ಮ ಬೆರಳಿಗೆ ಗೊತ್ತಾಗಿರತೈತ್ರಿ. ನಾ ಅಂದ್ರ ಯಾರೂ ನಂಬೂದಿಲ್ಲ. ನೀವ ಅನ್ರಿ."

ಚನ್ನಪ್ಪ ಬಾಗಿಲಿಗೆ ಬಂದ. "ಏನಂತಾಳ್ರಿ?"

ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ನನ್ನ ಮುಂದೆ ಇದ್ದದ್ದು ಅವಳ ತೋಳಲ್ಲ, ಶಕುಂತಲಾ. ಅಜ್ಜನ ಹೆಸರು — ನನ್ನ ಕಟ್ಟು — ಹೊರಗಿನ ನಗು. ಕಟ್ಟು ಗಟ್ಟಿಯಿತ್ತು ಎಂದು ತೋರಿಸಬೇಕು. ಚನ್ನಪ್ಪನನ್ನೂ ಎದುರು ಹಾಕಿಕೊಳ್ಳಬಾರದು. ಎರಡಕ್ಕೂ ಸಾಲುವ ಒಂದೇ ಮಾತು ಸಿಕ್ಕಿತು. ಕಟ್ಟೆಯವರಿಗೂ ಕೇಳಲೆಂದು ದನಿ ಎತ್ತಿ ಹೇಳಿದೆ:

"ಕಟ್ಟು ಗಟ್ಟಿನ ಐತಿ. ಇಕಿ ಎಲುಬ ಬೆಂಡು. ಹುಟ್ಟಾ ಬೆಂಡು. ವಂಶದಾಗ ಬಂದಿದ್ದು."

ನೀಲವ್ವ ಕೈ ಎಳೆದುಕೊಳ್ಳಲಿಲ್ಲ. ಆದರೆ ಆ ಕೈ ನನ್ನ ಕೈಯೊಳಗೆ ಇದ್ದಕ್ಕಿದ್ದಂತೆ ಭಾರವಾಯಿತು. ಜೀವ ಹೋದ ಕೈ ಮಾತ್ರ ಅಷ್ಟು ಭಾರವಿರುತ್ತದೆ. ಅದನ್ನು ಕಟ್ಟಿ ಮುಗಿಸಿದೆ. ಅವಳು ಬದುಕಿಯೇ ಇದ್ದಳು, ನಡೆದುಕೊಂಡೇ ಮನೆಗೆ ಹೋದಳು.

ವಿಜ್ಞಾನದ ಮಾಸ್ತರನಾಗಿ ನನಗೆ ಕ್ಷಮೆ ಇನ್ನೂ ಕಡಿಮೆ. ಜೀವಂತ ಎಲುಬು ಏನೆಂದು ನನಗೆ ಗೊತ್ತಿತ್ತು. ಅದರಲ್ಲಿ ಸುಣ್ಣವೂ ಇದೆ, ನಾರೂ ಇದೆ. ಸುಟ್ಟು ನಾರು ತೆಗೆದರೆ ಮುಟ್ಟಿದಲ್ಲಿ ಪುಡಿ, ಹುಳಿಯಲ್ಲಿ ನೆನೆಸಿ ಸುಣ್ಣ ತೆಗೆದರೆ ಗಂಟು ಹಾಕುವಷ್ಟು ಮೆತ್ತಗೆ. ಎರಡೂ ಕೂಡಿದಾಗ ಬಿದಿರಿನಂತೆ ಒಳಗೆ ಟೊಳ್ಳು, ಹೊರಗೆ ಗಟ್ಟಿ — ಮೇಲಿನಿಂದ ಎಷ್ಟು ಹೇರಿದರೂ ತಡೆಯುತ್ತದೆ, ತಿರುವಿದರೆ ಸೋಲುತ್ತದೆ. ನಿನ್ನ ತಾಯಿ ಕೆರೆಯಿಂದ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ದಿನಕ್ಕೆ ಆರು ಸಲ ಬರುತ್ತಿದ್ದಳು. ಬೆಂಡು ಎಲುಬಿನವಳ ಬೆನ್ನು ಮೊದಲ ವಾರದಲ್ಲೇ ಕುಸಿಯಬೇಕಿತ್ತು. ಅದನ್ನು ನಾನೂ ನೋಡುತ್ತಿದ್ದೆ, ಊರೂ ನೋಡುತ್ತಿತ್ತು. ಊರು ನನ್ನ ಮಾತನ್ನೇ ನಂಬಿತು.

ಎಂಟನೆಯ ವರ್ಗಕ್ಕೆ ನೀನು ನನ್ನ ಕೈಗೆ ಬಂದೆ. ಎಲುಬಿನ ಪಾಠದ ದಿನ, ಬೋರ್ಡಿಗೆ ಬರೆಯುವ ಒಂದು ಹೊಸ ಖಡು ಹಿಡಿದು, ಎರಡೂ ತುದಿಯಿಂದ ಒತ್ತಿ ತೋರಿಸಿದೆ, ಮುರಿಯಲಿಲ್ಲ. ಬಟ್ಟೆ ಹಿಂಡುವಂತೆ ತಿರುವಿದೆ; ಟಪ್ಪೆಂದು ಓರೆಯಾಗಿ, ಬಳ್ಳಿಯ ಹಾಗೆ ಸುತ್ತಿ ಮುರಿಯಿತು. ನೀನು ಎದ್ದು ಬಂದು ಎರಡು ತುಂಡನ್ನೂ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದೆ.

"ಸರ್ರ, ಎಲುಬೂ ಹಿಂಗ ಮುರೀತಾವೇನ್ರಿ?"

ಹದಿಮೂರು ವರ್ಷದ ಹುಡುಗಿ ನಿಜದ ಬಾಗಿಲಿನ ತನಕ ತಾನೇ ನಡೆದು ಬಂದಿದ್ದಳು. ಚಿಲಕ ತೆಗೆಯುವುದಷ್ಟೇ ನನ್ನ ಕೆಲಸವಾಗಿತ್ತು. ನಾನು ಅಂದೆ: "ಗಟ್ಟಿ ಎಲುಬಿನ ಮಾತ ಬ್ಯಾರೆ. ನಿಮ್ಮ ಮನಿಯಾಗಿನ ಎಲುಬ ಬ್ಯಾರೆ. ಕೂಡ್ರು."

ಅವತ್ತಿನಿಂದ ಹುಡುಗರು ನಿನ್ನನ್ನು 'ಖಡು' ಎಂದು ಕರೆದರು. ನೀನು ಓಡುವುದನ್ನು ಬಿಟ್ಟೆ. ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯತೊಡಗಿದೆ. ನೀನು ಹತ್ತನೆಯ ವರ್ಗದಲ್ಲಿದ್ದಾಗ ನೀಲವ್ವ ಜ್ವರದಲ್ಲಿ ಹೋದಳು — ಸಾವಿಗೆ ಯಾರನ್ನೂ ದೂರುವಂತಿಲ್ಲ, ದೂರಬೇಕಾದದ್ದೆಲ್ಲ ಅದಕ್ಕೂ ಮುಂಚಿನದು. ಆಮೇಲೆ ನಿನಗೊಂದು ಸಂಬಂಧ ಕೂಡಿಬಂತು. ಹುಡುಗನ ತಾಯಿ ನೇರ ನನ್ನ ಮನೆಗೇ ಬಂದಳು.

"ಹುಡುಗಿ ಛಲೋ ಅದಾಳ್ರಿ. ಎಲುಬಿಂದ ಏನೋ ಅಂತಾರ. ನಾಳೆ ಹಡೀಬೇಕಲ್ರಿ ಆಕಿ."

"ನೋಡ್ರಿ ಅವ್ವಾರ..." ಎಂದು ನಾನು ನಿಲ್ಲಿಸಿದೆ. ನಿಲ್ಲಿಸಿದ್ದೇ ಅವಳಿಗೆ ಸಾಕಾಯಿತು. ಆ ಸಂಬಂಧ ಮುರಿಯಿತು, ಮತ್ತೊಂದು ಬರಲಿಲ್ಲ.

ಈಗ ನಿನಗೆ ನಲವತ್ತೆರಡು. ನೀನು ಚನ್ನಪ್ಪನಿಗೆ ರೊಟ್ಟಿ ಬಡಿದು ಹಾಕುತ್ತೀ, ಅವನ ಧೋತರ ಒಗೆಯುತ್ತೀ. ಅವನು ಕಟ್ಟೆಗೆ ಬಂದು, "ನನ್ನ ಮಗಳು ಗಾಜಿನ ಗೊಂಬಿ ಇದ್ದಂಗ್ರಿ, ಸಂಭಾಳಿಸಬೇಕು," ಎನ್ನುತ್ತಾನೆ. ನಾನು ಹೌದೆಂದು ತಲೆಯಾಡಿಸುತ್ತೇನೆ.

ಈ ಮಳೆಗಾಲದಲ್ಲಿ ಹಳ್ಳ ದಂಡೆ ಕಡಿದು ನಿಮ್ಮ ಹೊಲದ ಮೂಲೆ ಒಯ್ದಾಗ ನೀನೇ ಹೇಳಿ ಕಳಿಸಿದೆ: ಅವ್ವನ ಗೋರಿ ಹರಿದು ಹೋಗುವ ಮೊದಲು ತೆಗೆದು ಮೇಲಕ್ಕೆ ಹೂಳಬೇಕು, ಎಲುಬು ಆರಿಸಲು ಸರ್ ಬೇಕು. ಬಂದೆ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಹೂಳುವ ಪದ್ಧತಿ. ಎರೆಮಣ್ಣು ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಗುದ್ದಲಿಯವನು ಒಂದು ಪದರು ಜಾರಿಸಿದ್ದೇ ತಡ — ಅವಳು ಕೂತೇ ಇದ್ದಳು. ತಲೆಬುರುಡೆ ಮಾತ್ರ ಎದೆಯ ಮೇಲೆ ವಾಲಿ ಒಂದು ಕಡೆ ತಿರುಗಿತ್ತು. ಗೋಡೆಯ ಕಡೆ ಮುಖ ಮಾಡಿದವಳ ಹಾಗೆ.

ನಾನು ಬಲತೋಳಿನ ಎಲುಬು ಎತ್ತಿದೆ. ಒಣಗಿದ ಎಲುಬು ಹಗುರವಿರಬೇಕು. ನನ್ನ ಕೈಗೆ ಅದು ಅಂದಿನಷ್ಟೇ ಭಾರವಿತ್ತು. ವಿಜ್ಞಾನ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪಿಸಲು ಹೋಗುವುದಿಲ್ಲ. ಮಣ್ಣು ಉದುರಿಸಲು ಉಗುರಿನಿಂದ ತಟ್ಟಿದೆ. ಕಂಚಿನ ಬಟ್ಟಲು ತಟ್ಟಿದಂತೆ ದನಿ ಬಂತು. ಗುದ್ದಲಿಯವನು ಹಿಂದೆ ಸರಿದ. ಎರಡು ಗಂಟು, ಎರಡೂ ನಾನು ಕಟ್ಟಿದವು, ನೆಟ್ಟಗೆ ಕೂಡಿದ್ದವು. ನನ್ನ ಕಟ್ಟು ಗಟ್ಟಿಯೇ ಇತ್ತು — ಮೂವತ್ತು ವರ್ಷಕ್ಕೆ ಸಾಕ್ಷಿ ಸಿಕ್ಕಿತ್ತು, ಮೌಲಾಸಾಬ್ ಕಾಕಾ ಅದನ್ನು ನೋಡಲು ಉಳಿದಿರಲಿಲ್ಲ.

ಆಮೇಲೆ ಎಡಗೈ ಎತ್ತಿದೆ.

ಅದರಲ್ಲೂ ಒಂದು ಬಳ್ಳಿ. ಅದು ನನಗೆ ಗೊತ್ತಿರದ ಮುರುಕು. ಯಾರೂ ಕಟ್ಟಿರಲಿಲ್ಲ, ತುದಿಗೆ ತುದಿ ಸೇರದೆ, ಒಂದರ ಮೇಲೊಂದು ಏರಿ, ಸೊಟ್ಟಗೆ, ದಪ್ಪಗೆ ತಾನೇ ಕೂಡಿಕೊಂಡಿತ್ತು. ನನ್ನ ಮನೆ ಇದ್ದದ್ದು ಮೂರು ಬಾಗಿಲ ಆಚೆ. ಅವಳು ಬರಲಿಲ್ಲ. ದಬ್ಬೆಯಿಲ್ಲದೆ, ಎಣ್ಣೆಯಿಲ್ಲದೆ, ಆ ಕೈಯಲ್ಲೇ ನಿನಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತ — ಎಷ್ಟು ದಿನ ಎಂದು ನಾನು ಲೆಕ್ಕ ಹಾಕಬಲ್ಲೆ. ಹಾಕಲಾರೆ.

ನೀನು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಹೆಬ್ಬೆರಳು ಆಡಿಸಿದೆ.

"ಹಗ್ಗ ಹೊಸೆದಂಗ ಐತಲ್ರಿ ಸರ್ರ. ಮತ್ತ ಇಷ್ಟ್ ಗಟ್ಟಿ ಹೆಂಗ ಐತ್ರಿ?"

ದಂಡೆಯ ಮೇಲೆ ನಿನ್ನಪ್ಪ ಒದ್ದೆ ಟವೆಲ್ಲು ಹಿಂಡುತ್ತಿದ್ದ. ಹಿಂಡುತ್ತಲೇ, ಮೆತ್ತಗೆ: "ಮಾಸ್ತರ ಆವಾಗಲೇ ಹೇಳ್ಯಾರಲ್ಲ ಮಗಳ," ಎಂದು ನನ್ನನ್ನು ನೋಡಿದ.

ಮತ್ತೆ ನಾನು — "ಮಣ್ಣಿನ ಗುಣ ಅದು. ಮಣ್ಣ ಹಿಡದು ಗಟ್ಟಿ ಆಗ್ಯಾವು."

ಮಣ್ಣು ಎಲುಬನ್ನು ಗಟ್ಟಿ ಮಾಡುವುದಿಲ್ಲ. ಮೂವತ್ತು ವರ್ಷದ ಹಿಂದೆ ನನಗೆ ನನ್ನ ಹೆಸರಿನ ಚಿಂತೆಯಿತ್ತು. ಮೊನ್ನೆ ಏನಿತ್ತು? ಹುಡುಕಿದೆ, ಏನೂ ಇರಲಿಲ್ಲ. ಬರೀ ರೂಢಿ. ನನಗೆ ಭಯವಾದದ್ದು ಆ ರೂಢಿಗೆ, ತೆರೆದ ಗೋರಿಗಲ್ಲ.

ನಿನ್ನ ಎಲುಬಿಗೆ ಏನೂ ಆಗಿಲ್ಲ, ಶಕುಂತಲಾ. ಎಂದೂ ಆಗಿರಲಿಲ್ಲ. ನಿನ್ನ ತಾಯಿಯ ಕೈ ತಿರುವಿದವನು ನಿನ್ನ ಮನೆಯಲ್ಲಿ ನಿನ್ನ ಕೈಯ ರೊಟ್ಟಿ ತಿನ್ನುತ್ತಿದ್ದಾನೆ. ಅದನ್ನು ಮುಚ್ಚಿದವನು ಇದನ್ನು ಬರೆಯುತ್ತಿದ್ದಾನೆ. ಕ್ಷಮಿಸೆಂದು ಕೇಳುವುದಿಲ್ಲ, ಕೇಳಿದರೆ ಅದೂ ನನಗಾಗಿ ಕೇಳಿದಂತೆ.

ಈ ಕಾಗದವನ್ನು ಯಾರ ಕೈಯಲ್ಲೂ ಕೊಟ್ಟು ಕಳಿಸುವುದಿಲ್ಲ. ನಾಳೆ ಮುಂಜಾನೆ, ಕಟ್ಟೆಯ ಮೇಲೆ ಜನ ಕೂತಿರುವ ಹೊತ್ತಿಗೆ, ನಿಮ್ಮ ಬಾಗಿಲಿಗೆ ಬಂದು, ನಿನ್ನಪ್ಪನ ಎದುರಿಗೇ ನಿಂತು ಓದುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಓದುತ್ತೇನೆ. ವರ್ಗದಲ್ಲಿ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಮೂರು ಮನೆಯಾಚೆಗೂ ಕೇಳಿಸುತ್ತದೆ.