ಖಳನಾಯಕನಿಗೆ ಭಾವನ ಮೂಗು

ನಮ್ಮ ವಾರಪತ್ರಿಕೆಯ ಚಿತ್ರಗಾರ ಮನುಷ್ಯರನ್ನು ಮೂಗಿನಿಂದ ಶುರುಮಾಡುತ್ತಾನೆ. ಬೇರೆಯವರು ತಲೆಯ ದುಂಡು ಎಳೆದುಕೊಂಡು ಕಣ್ಣಿಗೆ ಜಾಗ ಹುಡುಕಿದರೆ, ಇವನು ಖಾಲಿ ಹಾಳೆಯ ನಡುವೆ ಮೂಗೊಂದನ್ನು ನೆಟ್ಟು, ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, ಆಮೇಲೆ ಅದಕ್ಕೊಬ್ಬ ಮನುಷ್ಯನನ್ನು ಹೊಂದಿಸುತ್ತಾನೆ. ಕಚೇರಿಯಲ್ಲಿ ಎಲ್ಲರೂ ಅವನನ್ನು ಕುಂಚಣ್ಣ ಅನ್ನುತ್ತಾರೆ. ನಾನು ಅವನ ಎದುರಿನ ಮೇಜಿನಲ್ಲಿ ಕರಡು ತಿದ್ದುವವಳು. ಅವನ ಕುಂಚ ತೊಳೆಯುವ ಲೋಟಕ್ಕೂ ನನ್ನ ಕಾಫಿ ಲೋಟಕ್ಕೂ ಗೇಣು ಅಂತರ. ಎಷ್ಟೋ ಸಲ ಅದಲುಬದಲಾಗಿವೆ. ಪ್ರತಿ ಸಲವೂ ಕುಡಿದವಳು ನಾನೇ.

ಅವನಿಗೆ ಮುಖಗಳ ಬಡತನವಿತ್ತು. ಕಥೆ ಯಾರದ್ದೇ ಇರಲಿ, ನಾಯಕಿ ಎಂದರೆ ಅವನ ಹೆಂಡತಿ. ಬಲಗೆನ್ನೆಯ ಗುಳಿ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಸಮೇತ. ಅದು ಅವಳಿಗೂ ಗೊತ್ತು, ನೆಂಟರಿಗೂ ಗೊತ್ತು. ಪತ್ರಿಕೆ ಬಂದ ದಿನ ಅವಳು ತವರಿಗೆ ಫೋನು ಮಾಡಿ, "ಈ ವಾರ ನಾನು ಬಾವಿಗೆ ಬಿದ್ದಿದೀನಿ, ನೋಡಿದ್ರಾ?" ಎಂದು ಸಂಭ್ರಮಪಡುತ್ತಿದ್ದಳು.

ಖಳನಾಯಕ ಯಾರೆಂಬುದು ಮಾತ್ರ ಅವನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದು ಅವಳ ಸ್ವಂತ ಅಣ್ಣ, ಕುಂಚಣ್ಣನ ಭಾವ. ಮದುವೆಯ ಮಾತಿಗೆ ಹೋದ ದಿನ ಭಾವ ಕಾಲ ಮೇಲೆ ಕಾಲು ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡು, "ಚಿತ್ರ ಬರೀತೀರಾ, ಸರಿ. ಕೆಲಸ ಏನ್ ಮಾಡ್ತೀರಾ?" ಅಂದಿದ್ದ. ಮದುವೆಯೇನೋ ಆಯಿತು, ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಮನೆಗೆ ಬಂದಾಗಲೆಲ್ಲ ಭಾವ ಅದನ್ನೇ ಕೇಳುತ್ತಿದ್ದ. ಕುಂಚಣ್ಣ ಹಲ್ಲು ಕಚ್ಚಿಕೊಂಡು "ಕಾಫಿ ತಗೊಳ್ಳಿ ಭಾವ" ಎಂದು, ಮರುದಿನ ಕಚೇರಿಗೆ ಬಂದು ಭಾವನನ್ನು ಕಳ್ಳಸಾಗಣೆದಾರನನ್ನಾಗಿ ಮಾಡುತ್ತಿದ್ದ. ಗಿಡುಗನ ಕೊಕ್ಕಿನಂಥ ಆ ಮೂಗಿನ ಮೇಲೊಂದು ಕಪ್ಪು ಕನ್ನಡಕ, ಕೆಳಗೊಂದು ಗಡ್ಡ, ತಲೆಗೊಂದು ಟೋಪಿ. ಬೆಂಕಿಪೊಟ್ಟಣದಷ್ಟಿದ್ದ ಕಪ್ಪುಬಿಳುಪು ಚಿತ್ರದಲ್ಲಿ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ.

ಆಮೇಲೆ ಪತ್ರಿಕೆ ಮೊಬೈಲಿಗೆ ಬಂತು. ನಮ್ಮ ಸಂಪಾದಕರಿಗೆ ಹೊಸತನದ ಹುಚ್ಚು ಹಿಡಿಯಿತು. ಧಾರಾವಾಹಿಯ ಚಿತ್ರ ಬಣ್ಣದಲ್ಲಿ ಬರಬೇಕು, ಪರದೆ ತುಂಬ ಬರಬೇಕು, ಮುಂದೇನಾಗಬೇಕೆಂದು ಓದುಗರೇ ಮತ ಹಾಕಬೇಕು. "ಖಳನಾಯಕನ ಕನ್ನಡಕ ತೆಗೀರಿ, ಜನಕ್ಕೆ ಕಣ್ಣು ಕಾಣ್ಬೇಕು" ಎಂದರು. ಮುಂದಿನ ವಾರ "ಈ ಗಡ್ಡ ಯಾಕೆ?" ಎಂದರು. ಕೊನೆಗೆ ಟೋಪಿಯೂ ಹೋಯಿತು. ಹೀಗೆ ವಾರವಾರಕ್ಕೂ ಭಾವ ಬಯಲಾಗುತ್ತ ಬಂದ.

ಓದುಗರು ಆ ಮುಖಕ್ಕೆ ಮರುಳಾದರು. ಎರಡು ಬೆರಳಲ್ಲಿ ಮೂಗನ್ನು ಹಿಗ್ಗಿಸಿ ನೋಡಿ, "ಇಂಥ ಮೂಗಿರೋನು ಕೆಟ್ಟವನಾಗಿರೋಕೆ ಸಾಧ್ಯವೇ ಇಲ್ಲ" ಎಂದು ಬರೆದರು. ನಾಯಕ ಬೇಡ, ಅವನಿಗೆ ಗಲ್ಲವೇ ಇಲ್ಲ ಎಂದರು. ಗಲ್ಲವಿಲ್ಲದ್ದು ನಿಜ. ನಾಯಕನಿಗೆ ಕುಂಚಣ್ಣ ತನ್ನದೇ ಮುಖ ಕೊಟ್ಟಿದ್ದ. ಕಥೆ ಬರೆಯುತ್ತಿದ್ದ ಲೇಖಕಿ ಅತ್ತು ಕರೆದು ನೋಡಿದರು, ಯಾರೂ ಕೇಳಲಿಲ್ಲ. ಮತದ ತೀರ್ಪು ಬಂತು: ಮುಂದಿನ ಕಂತಿನಲ್ಲಿ ನಾಯಕಿಗೂ ಖಳನಾಯಕನಿಗೂ ಮದುವೆ.

ಕುಂಚಣ್ಣ ಕುಂಚ ಕೆಳಗಿಟ್ಟ. ನನ್ನ ಮೇಜಿನತ್ತ ಬಗ್ಗಿ, "ಅಕ್ಕಾ, ಅವರಿಬ್ಬರೂ ಅಣ್ಣ ತಂಗಿ!" ಎಂದು ಪಿಸುಗುಟ್ಟಿದ.

"ಕಥೇಲಿ ಅಲ್ವಲ್ಲೋ."

"ನಮ್ಮನೇಲಿ ಹೌದಲ್ಲ! ಅವಳ ಮುಖ ನೆಂಟರಿಗೆಲ್ಲ ಗೊತ್ತು, ಇಷ್ಟು ದಿನ ಅದನ್ನೊಂದೇ ನೋಡ್ತಿದ್ರು. ಈಗ ಭಾವನ ಮೂಗು ಬೇರೆ ಬರಿಮೈಯಲ್ಲಿ ನಿಂತಿದೆ. ಒಬ್ಬರು ಗುರುತು ಹಿಡಿದ್ರೂ ನಾನು ಮನೆಗೆ ಹೋಗೋ ಹಾಗಿಲ್ಲ."

"ಮೂಗು ಬದಲಾಯಿಸು."

ಅದನ್ನು ಆಗಲೇ ಕೇಳಿ ಬೈಸಿಕೊಂಡು ಬಂದಿದ್ದ. "ಆ ಮೂಗು ನೋಡೋಕೇ ಜನ ಬರ್ತಿರೋದು. ಒಂದು ಗೆರೆ ಆಚೀಚೆ ಆದ್ರೂ ಚಿತ್ರದ ಕೆಲಸ ಕಂಪ್ಯೂಟರಿಗೆ ಕೊಡ್ತೀನಿ. ಅದು ರಜ ಕೇಳಲ್ಲ" ಎಂದಿದ್ದರು ಸಂಪಾದಕರು. ಮೂಗು ಬಿಟ್ಟರೆ ಮನೆ ಹೋಗುತ್ತದೆ, ಮೂಗು ತಿದ್ದಿದರೆ ಕೆಲಸ ಹೋಗುತ್ತದೆ. "ಕೆಲಸ ಹೋದ ಮೇಲೆ ಭಾವ ಅದೇ ಪ್ರಶ್ನೆ ಕೇಳಿದ್ರೆ ನನ್ನ ಹತ್ರ ಉತ್ತರಾನೇ ಇರಲ್ಲ ಅಕ್ಕಾ" ಎಂದ. ನನಗೆ ಸಂಪಾದಕರ ಮೇಲೆ ಮೈಯೆಲ್ಲ ಉರಿಯಿತು. ಕುಂಚಣ್ಣನನ್ನು ಗೋಳು ಹೊಯ್ದುಕೊಳ್ಳುವ ಹಕ್ಕು ನನ್ನದು, ಅವರಿಗೆ ಯಾರು ಕೊಟ್ಟರು?

ಅವನು ಹಾಳೆಯ ನಡುವೆ ಭಾವನ ಮೂಗು ನೆಟ್ಟ. ಅದಕ್ಕೆ ಭಾವನನ್ನು ಹೊಂದಿಸಿ ಹೊಸ ಕೋಟು ತೊಡಿಸಿದ. ಪಕ್ಕದಲ್ಲಿ ಮದುಮಗಳ ಉಡುಪು, ಹೂಗುಚ್ಛ ಹಿಡಿದ ಕೈ, ಕುತ್ತಿಗೆ, ಎಲ್ಲ ಆಯಿತು. ಅಲ್ಲಿ ಕುಂಚ ನಿಂತಿತು. ಸಂಪಾದಕರು ಬಾಗಿಲಲ್ಲಿ ನಿಂತು ಅವಸರಿಸುತ್ತಿದ್ದರು. ಕುಂಚಣ್ಣ ಕುತ್ತಿಗೆಯ ಮೇಲೆ ಬರೀ ಒಂದು ದುಂಡು ಎಳೆದು ಕೈಬಿಟ್ಟ. ಅವನ ಜೀವಮಾನದಲ್ಲಿ ಮೂಗಿಲ್ಲದ ತಲೆ ಅದೊಂದೇ.

"ಮುಖ ಎಲ್ರೀ?"

"ಓದುಗರೇ ಕಥೆ ನಡೆಸ್ತಿದಾರಲ್ಲ ಸಾರ್, ಮದುಮಗಳೂ ಅವರೇ ಆಗ್ಲಿ. ಅವರವರ ಫೋಟೊ ಇಲ್ಲಿ ಅಂಟಿಸಿ ಕಳಿಸ್ಲಿ."

ಇದು ಜಾಣತನವಲ್ಲ, ಪ್ರಾಣಭಯ. ಸಂಪಾದಕರು ಮಾತ್ರ ಅವನನ್ನು ಅಪ್ಪಿಕೊಂಡೇಬಿಟ್ಟರು. ಹೆಂಡತಿ ಫೋನು ಮಾಡಿ "ಮದುವೆ ದಿನಾನೇ ನನ್ನ ಮುಖ ಅಳಿಸಿದ್ರಾ?" ಎಂದಾಗ, "ಕಂಪೆನಿ ನಿರ್ಧಾರ ಕಣೇ" ಎಂದು ನುಣುಚಿಕೊಂಡ.

ಮುಖಗಳು ಬಂದವು, ರಾಶಿ ರಾಶಿ ಬಂದವು. ಅಜ್ಜಿಯರು, ನರ್ಸುಗಳು, ಪೊದೆಮೀಸೆಯ ಬಸ್ ಡ್ರೈವರ್, ಒಂದು ಬೆಕ್ಕು, ಎಲ್ಲರೂ ಭಾವನ ಪಕ್ಕ ನಿಂತು ಹೂಗುಚ್ಛ ಹಿಡಿದಿದ್ದರು. ಕುಂಚಣ್ಣ ಅವತ್ತು ನೆಮ್ಮದಿಯಾಗಿ ಬುತ್ತಿ ಬಿಚ್ಚಿದ. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಇನ್ನೊಂದು ಚಿತ್ರ ಬಂತು. ಅಂಚು ಸವರಿ ಜೋಪಾನವಾಗಿ ಅಂಟಿಸಿದ, ನಡುವಯಸ್ಸಿನ ಹೆಂಗಸಿನ ಮುಖ. ಕೆಳಗೆ ಹೀಗಿತ್ತು: "ಇವರು ನನ್ನ ಯಜಮಾನರು. ಕ್ಯಾಮೆರಾ ಕಂಡರೆ ಮೂಗು ಮುಚ್ಚಿಕೊಂಡು ಓಡುತ್ತಾರೆ. ನಮ್ಮಿಬ್ಬರದು ಒಟ್ಟಿಗೆ ಒಂದೂ ಒಳ್ಳೆಯ ಫೋಟೊ ಇರಲಿಲ್ಲ. ಬರೆದವರಿಗೆ ಧನ್ಯವಾದ."

ಪರದೆಯನ್ನು ಕುಂಚಣ್ಣನತ್ತ ತಿರುಗಿಸಿದೆ. ಅದು ಭಾವನ ಹೆಂಡತಿ. ಕುಂಚಣ್ಣನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅದೇ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಹೆಂಡತಿಯ ದನಿ ನನ್ನ ಮೇಜಿಗೂ ಕೇಳಿಸಿತು. "ಅಣ್ಣ ನಿಮ್ಮ ಆಫೀಸಿಗೆ ಹೊರಟಿದಾನೆ. ನನಗೂ ಎಲ್ಲಾ ಅರ್ಥ ಆಯ್ತು. ನನ್ನ ಸರದಿ ಮನೇಲಿ."

ಮೊದಲು ಮೂಗು ಒಳಗೆ ಬಂತು, ಹಿಂದಿನಿಂದ ಭಾವ. ಕಚೇರಿಗೆ ಕಚೇರಿಯೇ ಎದ್ದು ನಿಂತಿತು. ಜಾಹೀರಾತು ವಿಭಾಗದವಳೊಬ್ಬಳು ಸಹಿ ಕೇಳಲು ಪೆನ್ನು ಹುಡುಕತೊಡಗಿದಳು. ಭಾವ ಯಾರನ್ನೂ ನೋಡದೆ ಕುಂಚಣ್ಣನ ಮುಂದಿನ ಸ್ಟೂಲಿನ ಮೇಲೆ ಕೂತ.

"ಇಷ್ಟು ವರ್ಷ ಬಂದ ಖಳನಾಯಕರೆಲ್ಲಾ ನಾನೇನಾ?"

"ಎಲ್ಲರೂ ಅಲ್ಲ ಭಾವ" ಎಂದ ಕುಂಚಣ್ಣ. "ಒಬ್ಬ ಬೋಳುತಲೆಯವನಿದ್ದ. ಅವರು ನಮ್ಮ ಮನೆ ಓನರು."

ಭಾವ ನಗಲಿಲ್ಲ. ಫೋನು ತೆಗೆದು ಹೆಂಡತಿ ಅಂಟಿಸಿದ ಚಿತ್ರವನ್ನು ಹಿಗ್ಗಿಸಿದ. "ಬೆಳಿಗ್ಗೆಯಿಂದ ಇದನ್ನೇ ನೋಡ್ಕೊಂಡು ಕೂತಿದಾಳೆ. ನಾನು ಇಷ್ಟು ಚೆನ್ನಾಗಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ. ಗೋಡೆಗೆ ಹಾಕ್ಬೇಕಂತೆ. ಅಂಟಿಸಿದ್ದು ಬೇಡ, ಅವಳ ಮುಖಾನೂ ನೀವೇ ಬರೆದುಕೊಡಿ. ಬನ್ನಿ, ಮನೆಗೆ ಹೋಗೋಣ."

ಕುಂಚಣ್ಣನ ಕಣ್ಣು ತುಂಬಿತ್ತು. "ಸಂಜೆ ಬರ್ತೀನಿ ಭಾವ" ಎಂದ. "ಈಗ ಕೆಲಸ ಇದೆ."

ಭಾವ ಬಾಯಿ ತೆರೆದ. ನಾನು ಕರಡಿನಿಂದ ತಲೆಯೆತ್ತಿದೆ. ಆ ಪ್ರಶ್ನೆ ಬಂದರೆ ಉತ್ತರ ಕೊಡಲು ನಾನೇ ಎದ್ದು ನಿಲ್ಲುವವಳಿದ್ದೆ.

"ಹೌದಲ್ಲ, ಕೆಲಸದ ಹೊತ್ತು" ಎಂದು ಭಾವ ಎದ್ದ. "ಮುಗಿಸ್ಕೊಂಡೇ ಬನ್ನಿ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಕುಂಚಣ್ಣ ಕಣ್ಣೊರೆಸಿಕೊಂಡು, ಕೈಗೆ ಸಿಕ್ಕಿದ ಲೋಟವೆತ್ತಿ ಗಟಗಟನೆ ಕುಡಿದ. ಅದು ಕುಂಚ ತೊಳೆದ ನೀಲಿ ನೀರು. ನಾನು ಹೇಳಲಿಲ್ಲ.