ರೇಡಾರಿಗೆ ಸಾಕ್ಷಿ ಹೇಳುವ ಓಬಳಯ್ಯ

ಬೆಳಕು ಹರಿಯುವ ಹೊತ್ತು. ಮಧುಗಿರಿ ಬೆಟ್ಟದ ಬುಡದಿಂದ ಬಲೂನೊಂದು ಮೇಲೇಳುತ್ತದೆ. ಅದರ ಕೆಳಗೆ ಥಳಥಳ ಹೊಳೆಯುವ ತಗಡು ತೂಗುತ್ತಿದೆ. ಓಬಳಯ್ಯ ಸುಣ್ಣದ ಗಡಿಗೆ ಹಿಡಿದು, ತಲೆ ಮೇಲೆತ್ತಿಕೊಂಡೇ ಹೊರಡುತ್ತಾನೆ. ಕಾಲಿಗೆ ಕಲ್ಲು ತಾಕಿದರೆ ಕಲ್ಲನ್ನು ಬೈಯುತ್ತಾನೆ, ಕಣ್ಣು ಮಾತ್ರ ಇಳಿಸುವುದಿಲ್ಲ. ಅವನ ಕತೆ ಕೇಳಲು ನಾನೂ ಜೊತೆಗೆ ಹೊರಟಿದ್ದೇನೆ.

ಮಹಾಯುದ್ಧ ಮುಗಿದು ವರ್ಷವಾಯಿತು. ಆಕಾಶದಲ್ಲಿ ಹೋಗುವುದನ್ನು ಕಾಣದ ಅಲೆಗಳಿಂದ ಹಿಂಬಾಲಿಸುವ ರೇಡಾರ್ ಯಂತ್ರವನ್ನು ಇಲ್ಲಿ ತಂದಿಟ್ಟು ಪರೀಕ್ಷಿಸುತ್ತಿದ್ದಾರೆ. ತಗಡಿಗೆ ಬಡಿದು ಮರಳುವ ಅಲೆಗಳಿಂದ ಬಲೂನು ಎಲ್ಲಿ ಬಿತ್ತೆಂದು ಯಂತ್ರ ಹೇಳುತ್ತದೆ. ನಿಜವಾಗಿ ಬಿದ್ದದ್ದೆಲ್ಲಿ ಎಂದು ಹೇಳುವವನು ಓಬಳಯ್ಯ. ತಗಡು ಸಿಕ್ಕಲ್ಲಿ ಕಲ್ಲಿಗೆ ಸುಣ್ಣ ಬಳಿದು ಬರುತ್ತಾನೆ. ನೆಲ ಅಳೆಯುವ ಮೋಜಣಿಯವರು ಅಲ್ಲಿಗೆ ದೂರ ಅಳೆದು ಯಂತ್ರದ ಮಾತಿನೊಂದಿಗೆ ಹೋಲಿಸುತ್ತಾರೆ. ದಿನಕ್ಕೆ ಏಳೆಂಟು ಮೈಲಿ ನಡಿಗೆ, ಕೆಲವು ದಿನ ಇನ್ನೂ ದೂರ. ಮೊದಲು ಕುರಿ ಕಾಯುತ್ತಿದ್ದ. ರೋಗ ಬಡಿದು ಹಿಂಡು ಖಾಲಿಯಾದ ಮೇಲೆ ಈ ಕೆಲಸವೇ ಮನೆಯ ಮುದ್ದೆ.

ಹೋದ ತಿಂಗಳು ಕೊಡಿಗೇನಹಳ್ಳಿಯಲ್ಲಿ ತಗಡು ಆಂಜನೇಯನ ಗುಡಿಕಟ್ಟೆಯ ಮೇಲೆ ಸಿಕ್ಕಿತು. ಅದಕ್ಕೆ ಅರಿಸಿನ ಕುಂಕುಮ ಬೇರೆ! ಓಬಳಯ್ಯನೂ ಕೈಮುಗಿದು ಪಕ್ಕದ ಕಲ್ಲಿಗೆ ಸುಣ್ಣ ಬಳಿದ. ಯಂತ್ರ ಮಾತ್ರ ಜಯಮಂಗಲಿ ಹೊಳೆಯ ದಡ ಎಂದಿತ್ತು. ಯಂತ್ರವೇ ತಪ್ಪಿದೆ ಎಂದು ತೀರ್ಮಾನವಾಯಿತು. ಅದನ್ನು ನಡೆಸುತ್ತಿದ್ದವರ ಮುಖ ಬಾಡಿತು.

ವಾರದ ಮೇಲೆ ಅದೇ ಊರಿನ ಕಾಟಮ್ಮ ಕುಡಿಯಲು ನೀರು ಕೊಡುತ್ತಾ ಹೇಳಿದಳು: "ಅದು ಹೊಳೆ ದಡದಾಗೆ ಬಿದ್ದಿತ್ತು ಕಣಪ್ಪ. ಮ್ಯಾಲಿಂದ ಬಂದಿದ್ದು, ಯಾರೂ ತುಳೀಬಾರ್ದು ಅಂತ ನಾನೇ ತಂದು ದ್ಯಾವ್ರ ಮುಂದೆ ಮಡಗ್ದೆ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುತು ತಪ್ಪಿದರೆ ಮನೆಗೆ ಹೋಗು ಎಂದು ಅಧಿಕಾರಿ ವೆಂಕಟರಾಮಯ್ಯ ಮೊದಲೇ ಹೇಳಿದ್ದರು. "ತಟ್ಟೇಲಿ ಮುದ್ದೆ ಅಂಗೇ ಬುಟ್ಟೆ ಸಾಮಿ," ಎನ್ನುತ್ತಾನೆ ಓಬಳಯ್ಯ. "ಕೊನೆಗೆ ಎದ್ದೋಗಿ ಯೋಳ್ಬುಟ್ಟೆ, ತಪ್ಪಿದ್ದು ಯಂತ್ರ ಅಲ್ಲ, ನಾನು ಅಂತ."

"ಹಾಗಾದರೆ ನಿನ್ನ ಹಿಂದಿನ ಗುರುತುಗಳನ್ನು ಹೇಗಯ್ಯಾ ನಂಬಲಿ?" ಎಂದರಂತೆ ವೆಂಕಟರಾಮಯ್ಯ. ಎಲ್ಲವನ್ನೂ ಮತ್ತೆ ವಿಚಾರಿಸಿ ಬರುತ್ತೇನೆ ಎಂದ ಇವನನ್ನು ಇದೊಂದು ಸಲಕ್ಕೆ ಕೆಲಸದಲ್ಲಿ ಉಳಿಸಿಕೊಂಡರು.

ಈಗ ದಿನದ ಕೆಲಸ ಮುಗಿದ ಮೇಲೆ ಹಳೆಯ ಗುರುತುಗಳಿರುವ ಊರುಗಳಿಗೆ ಹೋಗಿ, ತಗಡನ್ನು ಯಾರಾದರೂ ಎತ್ತಿಟ್ಟಿದ್ದರೇ ಎಂದು ಮನೆಮನೆಯಲ್ಲೂ ವಿಚಾರಿಸುತ್ತಾನೆ. ಇನ್ನೊಂದು ತಪ್ಪು ಸಿಕ್ಕರೆ ಕೆಲಸ ಹೋದಂತೆಯೇ. ಆ ತಪ್ಪನ್ನು ಹುಡುಕುತ್ತಿರುವವನೂ ಅವನೇ. ಇಷ್ಟೊಂದು ರಗಳೆ ಯಾಕೆ ಮೈಮೇಲೆ ಎಳೆದುಕೊಂಡೆ ಮಾರಾಯ ಎಂದು ಕೇಳುತ್ತೇನೆ.

"ಆ ಯಂತ್ರಕ್ಕೆ ಬಾಯಿಲ್ಲ ಸಾಮಿ," ಎನ್ನುತ್ತಾನೆ. "ನಾನು ತಪ್ಪು ಹೊರ್ಸಿದ್ರೆ, ಇಲ್ಲ ಅಂತ ಅದು ಎಂಗೆ ಯೋಳ್ತದೆ? ಹೊರ್ಸಿದೋನೇ ಇಳುಸ್ಬೇಕು."